‘ತಡೆಗೋಡೆ’ ಬೇಡ, ಸೋಸುವ ಪದರಕ್ಕೆ ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಶುಗರ್‌ನಿಂದ ಕಿಡ್ನಿ ಹೇಗೆ ಕೆಡುತ್ತದೆ ಅಂತ ನಮ್ಮ ಕಡೆಯ ಜನರಿಗಾಗಿ ಎರಡು ಪುಟ ಬರೆಯುತ್ತಿದ್ದೇನೆ. ರಕ್ತ ಸೋಸುವ ಪದರಗಳಿಗೆ ಒಟ್ಟಾಗಿ ‘ಶೋಧನಾ ತಡೆಗೋಡೆ’ ಅಂತ ಹಾಕಿದ್ದೆ. ಮಂಡ್ಯದ ಹತ್ತಿರ ನಮ್ಮೂರಲ್ಲಿ ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರಿಗೂ ಶುಗರ್ ಇದೆ. ‘ಈ ತಡೆಗೋಡೆ ದಪ್ಪಗಾಗುತ್ತದೆ’ ಅನ್ನುವ ಸಾಲು ಬಂದಾಗ ನಿಲ್ಲಿಸಿ ಕೇಳಿದರು: “ಗೋಡೆ ದಪ್ಪ ಆದ್ರೆ ಒಳ್ಳೇದೇ ಅಲ್ವೇನಪ್ಪ? ಗಟ್ಟಿ ಆಯ್ತಲ್ಲ?”

ಅವರು ಕೇಳಿದ್ದು ನ್ಯಾಯ. ಗೋಡೆ ಅಂದರೆ ಏನನ್ನೂ ಬಿಡದ್ದು. ಕಿಡ್ನಿಯ ಕೆಲಸ ಹಾಗಲ್ಲ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ರಕ್ತನಾಳದ ಉಂಡೆಗಳಿವೆ. ಈ ಉಂಡೆಗೆ ಡಾಕ್ಟರುಗಳು ಹೇಳುವ ಗ್ಲಾಮೆರುಲಸ್ ಅನ್ನುವ ಪದಕ್ಕೂ ಲ್ಯಾಟಿನ್‌ನಲ್ಲಿ ಪುಟ್ಟ ನೂಲಿನುಂಡೆ ಅಂತಲೇ ಅರ್ಥ. ನನಗಂತೂ ಇದನ್ನು ‘ಗುಚ್ಛ’ ಅನ್ನುವುದಕ್ಕಿಂತ ‘ನೂಲುಂಡೆ’ ಅನ್ನುವುದೇ ಇಷ್ಟ. ಎರಡೂ ಕಿಡ್ನಿ ಸೇರಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ನೀರಿನಂಶ ಸೋಸುತ್ತವೆ. ಸೋಸುವ ಜಾಗದಲ್ಲಿ ಮೂರು ಪದರ. ಒಳಗೆ ತೂತು ತೂತಾದ ರಕ್ತನಾಳದ ಮೈ, ನಡುವೆ ತೆಳುವಾದ ಹಾಸು, ಹೊರಗೆ ಪೋಡೋಸೈಟ್ ಅನ್ನುವ ಜೀವಕೋಶಗಳು. ಎರಡು ಕೈಯ ಬೆರಳು ಹೆಣೆದ ಹಾಗೆ ಈ ಕೋಶಗಳು ಕಾಲು ಹೆಣೆದುಕೊಂಡು ಕೂತಿರುತ್ತವೆ. ಆ ಸಂದಿನಲ್ಲಿ ನೀರು, ಉಪ್ಪು, ಯೂರಿಯಾ ಅನ್ನುವ ಮೈಯ ಕಸ ದಾಟುತ್ತವೆ. ಅಲ್ಬುಮಿನ್ ಅನ್ನುವ ಪ್ರೋಟೀನ್ ಬಹುಪಾಲು ರಕ್ತದಲ್ಲೇ ಉಳಿಯುತ್ತದೆ.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ನಡುವಿನ ಹಾಸಿನ ಪ್ರೋಟೀನ್‌ಗಳಿಗೆ ಸಕ್ಕರೆ ಅಂಟಿಕೊಳ್ಳುತ್ತದೆ, ಹಾಸು ದಪ್ಪಗಾಗುತ್ತದೆ. ಉಂಡೆಯೊಳಗೆ ಒತ್ತಡವೂ ಏರುತ್ತದೆ. ಹೊರಗಿನ ಕೋಶಗಳ ಕಾಲು ಚಪ್ಪಟೆಯಾಗುತ್ತವೆ. ಕೆಲವು ಕೋಶಗಳು ಕಳಚಿಕೊಂಡು ಮೂತ್ರದಲ್ಲೇ ಹೋಗುತ್ತವೆ. ಹೋದದ್ದರ ಜಾಗಕ್ಕೆ ಹೊಸದು ಬರುವುದು ಬಹಳ ಕಷ್ಟ. ಹಾಸು ದಪ್ಪಗಾದರೂ ಅಲ್ಬುಮಿನ್ ಸೋರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ದೊಡ್ಡಪ್ಪನಿಗೆ ಅವರ ಆಲೆಮನೆ ನೆನಪಾಯಿತು. “ಸೋಸೋ ಬಟ್ಟೇನೂ ಹಂಗೇ ಕಣಪ್ಪ. ಕಬ್ಬಿನ ಹಾಲು ಒಣಗಿ ಒಣಗಿ ರಟ್ಟಿನಂಗೆ ಆಯ್ತದೆ. ಮುಟ್ಟಿದ್ರೆ ದಪ್ಪ. ಆದ್ರೆ ನೂಲು ಸರಿದು, ನಾರೆಲ್ಲ ಕೊಪ್ಪರಿಗೆಗೆ ಬಂದ್ಬುಡ್ತದೆ” ಅಂದರು. ನನ್ನ ಎರಡು ಪುಟಕ್ಕಿಂತ ಅವರ ಮಾತೇ ಚೆನ್ನಾಗಿತ್ತು.

ಹಾಗಾಗಿ ‘ಸೋಸು’ ಇರುವ ಪದವೇ ಬೇಕು ಅನ್ನಿಸಿದೆ. ನಮ್ಮಲ್ಲಿ ಹಿಟ್ಟನ್ನು ಜರಡಿ ಹಿಡಿಯುತ್ತೇವೆ, ಗಂಜಿ ಬಸಿಯುತ್ತೇವೆ, ಕಾಫಿ ಸೋಸುತ್ತೇವೆ. ಸೊಪ್ಪನ್ನೂ ಸೋಸುತ್ತೇವೆ ಅಲ್ವಾ? ಅಲ್ಲಿ ಅದಕ್ಕೆ ಬೇಕಾದ ಎಲೆ ಉಳಿಸಿಕೊಂಡು ಬೇಡದ್ದನ್ನು ತೆಗೆಯುವುದು ಅಂತ ಅರ್ಥ. ಕಿಡ್ನಿ ಮಾಡುವುದೂ ಇದೇ ಕೆಲಸ. ‘ಶೋಧನೆ’ ಅಂದರೆ ನಮ್ಮವರಿಗೆ ಪೊಲೀಸರ ಹುಡುಕಾಟ ಮೊದಲು ನೆನಪಾಗುತ್ತದೆ.

‘ಸೋಸುಪೊರೆ’ ಅಂತ ಬರೆದು ನೋಡಿದೆ. ಆದರೆ ಪೊರೆ ಅಂದ ಕೂಡಲೇ ವಯಸ್ಸಾದವರು ಕಣ್ಣಿನ ಪೊರೆ ಅಂದುಕೊಳ್ಳುತ್ತಾರೆ, ಅದನ್ನು ತೆಗೆಸಬೇಕು ಅಂತಾರೆ. ಸದ್ಯಕ್ಕೆ ‘ಸೋಸುಪರದೆ’ ಅಂತ ಇಟ್ಟುಕೊಂಡಿದ್ದೇನೆ. ಮೂರು ಪದರ ಸೇರಿದ್ದಕ್ಕೆ ಇದು ಒಪ್ಪುತ್ತದಾ? ಮೈಸೂರು, ಮಂಡ್ಯ ಕಡೆ ಸೋಸುವ ಬಟ್ಟೆಗೆ ಒಂದೇ ಪದದ ಹೆಸರು ಯಾರಾದರೂ ಕೇಳಿದ್ದೀರಾ?

ಇನ್ನೊಂದು ಕೇಳುವುದಿದೆ. ಮೂತ್ರದಲ್ಲಿ ಅಲ್ಬುಮಿನ್ ಹೋಗುವುದಕ್ಕೆ ಇಲ್ಲಿ ‘ನೊರೆ ಬರೋದು’ ಅಂತಾರೆ. ಆದರೆ ದಿನಕ್ಕೆ 30ರಿಂದ 300 ಮಿಲಿಗ್ರಾಂ ಸೋರುವ ಮೊದಲ ಹಂತದಲ್ಲಿ ನೊರೆ ಕಾಣದೇ ಇರಬಹುದು, ಟೆಸ್ಟ್ ಮಾಡಿಸಿದರೇ ಗೊತ್ತಾಗುವುದು. ‘ನೊರೆ’ ಅಂತ ಬರೆದರೆ, ನೊರೆ ಇಲ್ಲ ಅಂತ ಸುಮ್ನೆ ಕೂತುಬಿಡುತ್ತಾರೆ ಅನ್ನೋ ಭಯ ನನಗೆ. ‘ಅಲ್ಬುಮಿನ್ ಸೋರಿಕೆ’ ಅಂದರೆ ಊರಿನವರಿಗೆ ತಿಳಿಯುತ್ತದಾ, ಇನ್ನೂ ಸಲೀಸಾದ ಪದ ಇದೆಯಾ?