ಪದ ಬೇಕು: ‘ಇನ್‌ಸ್ಟಾಲ್’ ಎಂಬುದಕ್ಕೆ ಅನುಸ್ಥಾಪನೆಯೋ, ಅಳವಡಿಕೆಯೋ?

ಮಾನ್ಯರೇ,

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಿರುವ ನಮ್ಮೂರ ವಾಚನಾಲಯದ ಗಣಕಕ್ಕೆ ಟಿವಿಯನ್ನು ಜೋಡಿಸಿ, ಹಾಡು ಕೇಳಲು, ಚಿತ್ರ ನೋಡಲು ನೆರವಾಗುವ ಕೋಡಿ ಎಂಬ ಮೀಡಿಯಾ ಸೆಂಟರ್ ತಂತ್ರಾಂಶವನ್ನು ಹಾಕಿಕೊಳ್ಳುವ ಬಗೆಯನ್ನು ಒಂದು ಪುಟದಲ್ಲಿ ಬರೆದಿದ್ದೇನೆ. ಅದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಮಾಧ್ಯಮ ಕೇಂದ್ರ ಕೋಡಿಯ ಅನುಸ್ಥಾಪನೆ’ ಎಂಬ ಶೀರ್ಷಿಕೆ ಓದಿದ ಇಬ್ಬರಿಗೂ ಅರ್ಥವಾಗಲಿಲ್ಲ. ‘ಆಪ್ಟ್ ಇನ್‌ಸ್ಟಾಲ್ ಕೋಡಿ’ ಎಂಬ ಆದೇಶವನ್ನು ವಿವರಿಸಲು ಯಾವ ಕ್ರಿಯಾಪದ ತಕ್ಕದ್ದು?

ಉತ್ತರ:

‘ಅನುಸ್ಥಾಪನೆ’ಯನ್ನು ಕೈಬಿಡಿ. ಅದು ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ. ‘ಪ್ರತಿ’ಯ ಮುಂದೆ ‘ಸ್ಥಾಪನೆ’ಯು ‘ಪ್ರತಿಷ್ಠಾಪನೆ’ಯಾಗುವಂತೆ ‘ಅನು’ವಿನ ಮುಂದೆಯೂ ಸಕಾರಕ್ಕೆ ಷಕಾರ ಬರಬೇಕು, ‘ಅನುಷ್ಠಾನ’ದಲ್ಲಿ ಅದು ಬಂದೇ ಇದೆ. ಇತ್ತ ‘ಅಳವು’, ‘ಪಡು’ಗಳು ಕೂಡಿ, ಪಕಾರಕ್ಕೆ ವಕಾರ ಬಂದು ಆದ ‘ಅಳವಡು’ ನಮ್ಮಲ್ಲೇ ಇದೆ. ತಂತ್ರಾಂಶದ ಪೊಟ್ಟಣವೊಂದು (ಪ್ಯಾಕೇಜ್) ತನಗೆ ಬೇಕಾದ ಇತರ ಪೊಟ್ಟಣಗಳನ್ನೂ ಕರೆತಂದು ವ್ಯವಸ್ಥೆಯ ಅಳತೆಗೆ ಹೊಂದಿ ಕೂರುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದವಿಲ್ಲ. ಮೀಟರು, ಸಿಸಿ ಕ್ಯಾಮೆರಾಗಳನ್ನು ಅಳವಡಿಸುವ ಜನರಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ.

ಉತ್ತರ:

ಷತ್ವದ ಮಾತು ಸರಿ, ತೀರ್ಪು ಮಾತ್ರ ಅವಸರದ್ದು. ಗಣಕದ ಪರದೆ, ಗುಂಡಿಗಳನ್ನು ಒದಗಿಸುವ ಗ್ನೋಮ್ ತಂತ್ರಾಂಶದ ಕನ್ನಡ ಪರದೆಯಲ್ಲಿ ‘ಅನುಸ್ಥಾಪಿಸು’ ಎಂದೇ ಇರುವಾಗ, ಹಾಳೆ ಹಿಡಿದು ಕೂತವರು ಗುಂಡಿಯ ಮೇಲೆ ಬೇರೆ ಪದ ಕಂಡು ತಡಕಾಡುತ್ತಾರೆ. ‘ಇನ್‌ಸ್ಟಾಲ್ ಮಾಡಿ’ ಎಂದರೂ ತಪ್ಪಿಲ್ಲ. ಅರ್ಜಿ, ದಸ್ತಾವೇಜುಗಳನ್ನು ಒಪ್ಪಿಕೊಂಡ ನುಡಿಗೆ ಅದು ಹೊರೆಯಾಗದು. ನಿಜವಾದ ತೊಡಕು ‘ಮಾಧ್ಯಮ ಕೇಂದ್ರ’, ಏಕೆಂದರೆ ನಮ್ಮಲ್ಲಿ ಅದು ಪತ್ರಕರ್ತರು ಸೇರುವ ಜಾಗ. ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂಬುದರಿಂದ ಬಂದ ‘ಎಕ್ಸ್‌ಬಿಎಂಸಿ’ ಎಂಬ ಇದರ ಹಳೆಯ ಹೆಸರನ್ನು ತಂತ್ರಾಂಶ ಕಟ್ಟಿದವರೇ 2014ರಲ್ಲಿ ಬಿಟ್ಟು ‘ಕೋಡಿ’ ಎಂದರು. ಕೆರೆಯಿರುವ ಊರಿನಲ್ಲಿ ಬರಿಯ ‘ಕೋಡಿ’ ಎಂದರೆ ನೀರು ಹರಿಯುವ ಕೋಡಿಯೇ ಆದೀತು. ‘ಕೋಡಿ ತಂತ್ರಾಂಶ’ ಎಂದೇ ಬರೆಯಿರಿ.

ಉತ್ತರ:

ಅರ್ಜಿ, ದಸ್ತಾವೇಜುಗಳು ಇಲ್ಲಿ ಅಪ್ರಸ್ತುತ. ಮನೆಯಲ್ಲಿರುವ ಪದವನ್ನು ಮೂಲೆಗಿಟ್ಟು ಸಾಲ ತರುವುದನ್ನು ನಾನು ಒಪ್ಪಲಾರೆ. ಪರದೆಯ ಪದ ತಪ್ಪಾಗಿದ್ದರೆ ಪರದೆಯನ್ನು ತಿದ್ದಬೇಕು.

ಮಾನ್ಯರೇ,

‘ಟಿವಿಯಲ್ಲಿ ಹಾಡು ಕೇಳಲು, ಚಿತ್ರ ನೋಡಲು ಕೋಡಿ ತಂತ್ರಾಂಶವನ್ನು ಅಳವಡಿಸುವ ಬಗೆ’ ಎಂದು ಶೀರ್ಷಿಕೆಯನ್ನು ಬದಲಿಸಿ, ಪರದೆಯಲ್ಲಿ ಕಾಣುವ ಪದವನ್ನು ಒಳಗೆ ಒಮ್ಮೆ ಕೊಟ್ಟಿದ್ದೇನೆ. ಇದೇ ನೆಪದಲ್ಲಿ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಚಿತ್ರಗಳ ಕಡತಕೋಶವನ್ನು ಕೋಡಿಗೆ ‘ಸೇರಿಸಿ’ ಎಂದು ಬರೆದಿದ್ದೆ. ಆದರೆ ಕೋಡಿಯು ಕಡತಗಳನ್ನು ನಕಲು ಮಾಡಿಕೊಳ್ಳುವುದಿಲ್ಲ, ಅವು ಇರುವ ಜಾಗವನ್ನು ಗುರುತಿಟ್ಟುಕೊಳ್ಳುತ್ತದೆ ಅಷ್ಟೆ. ಸೇರಿಸಿದ್ದಾಯಿತೆಂದು ನಂಬಿ ಯಾರೂ ಮೂಲ ಕಡತಗಳನ್ನು ಅಳಿಸಬಾರದೆಂದು ಅದನ್ನು ‘ಕಡತಕೋಶವನ್ನು ತೋರಿಸಿ’ ಎಂದು ತಿದ್ದಿದ್ದೇನೆ.