‘ಡಿಸ್‌ಪ್ಲೇ ಬರ್ತಿಲ್ಲ’: ಒಂದೇ ಮಾತು, ಹಲವು ತೊಂದರೆ

ಗೆಳೆಯರೇ,

ಕಂಪ್ಯೂಟರ್ ಶುರು ಮಾಡಿದಾಗ ಮಾನಿಟರ್‌ನಲ್ಲಿ ಏನೂ ಕಾಣದಿದ್ದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿದವರು ತಾವೇ ಸರಿಮಾಡಿಕೊಳ್ಳುವ ಹಾಗಿರಬೇಕು. ಆದರೆ ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ನಾವೆಲ್ಲ ಸುಮ್ನೆ ‘ಡಿಸ್‌ಪ್ಲೇ ಬರ್ತಿಲ್ಲ’ ಅಂದುಬಿಡುತ್ತೇವೆ. ಆ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳಿವೆ, ಒಂದೊಂದಕ್ಕೂ ಮದ್ದು ಬೇರೆ.

ಮಾನಿಟರ್‌ಗೆ ಕರೆಂಟೇ ಬರದಿದ್ದರೆ ‘ದೀಪ ಹೊತ್ತಿಲ್ಲ’ ಅಂದರೆ ಸಾಕು. ಅಲ್ಲಿ ಪದದ ತೊಡಕಿಲ್ಲ.

ತೊಡಕಿರುವುದು ದೀಪ ಹೊತ್ತಿದ್ದೂ ‘ನೋ ಸಿಗ್ನಲ್’ ಅಂತ ತೋರಿಸಿ ಪರದೆ ಕಪ್ಪಾಗುವಾಗ. ಹಲವು ಮಾನಿಟರ್‌ಗಳಲ್ಲಿ ಆಗ ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಮಿಣುಕುತ್ತದೆ. ಇಲ್ಲಿ ಸಾಮಾನ್ಯವಾಗಿ ಮಾನಿಟರ್ ಚೆನ್ನಾಗಿಯೇ ಇರುತ್ತದೆ. ಕೇಬಲ್ ಸಡಿಲವಾಗಿರಬಹುದು. ಎಚ್‌ಡಿಎಂಐ ಕೇಬಲ್ ಜೋಡಿಸಿ, ಮಾನಿಟರ್‌ನ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ ಅನ್ನುವ ಬೇರೆ ಕಿಂಡಿಯನ್ನು ಆರಿಸಿರಬಹುದು. ಚಿತ್ರ ಕಳಿಸಲೆಂದೇ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸುವುದಂತೂ ತುಂಬಾ ಮಾಮೂಲಿ. ಇದನ್ನು ‘ಸಂಕೇತವಿಲ್ಲ’ ಅಂತ ಬರೆದರೆ ಗುರುತು, ಚಿಹ್ನೆ ಅನ್ನುವ ಅರ್ಥವೇ ಮೊದಲು ಹೊಳೆಯುತ್ತದೆ. ‘ಸಿಗ್ನಲ್ ಇಲ್ಲ’ ಅಂದರೆ ಮೊಬೈಲ್ ನೆಟ್‌ವರ್ಕ್ ನೆನಪಾಗುತ್ತದೆ, ಅಲ್ವಾ? ನನಗೆ ಹಿಡಿಸಿದ್ದು ‘ಚಿತ್ರ ತಲುಪುತ್ತಿಲ್ಲ’. ಎಲ್ಲಿಂದಲೋ ಹೊರಟದ್ದು ದಾರಿಯಲ್ಲಿ ತಪ್ಪಿದೆ ಅಂತ ಆ ಮಾತೇ ಹೇಳುತ್ತದೆ. ಓದುವವರ ಕೈ ತಾನಾಗಿ ಕೇಬಲ್ ಕಡೆಗೆ ಹೋಗುತ್ತದೆ.

ಇನ್ನು ಹಿಂಬೆಳಕು, ಅಂದರೆ ಬ್ಯಾಕ್‌ಲೈಟ್. ಈ ಪದ ಬಳಸಲು ನನಗೆ ಅಳುಕಿಲ್ಲ, ಕೇಳಿದ ಕೂಡಲೇ ತಿಳಿಯುತ್ತದೆ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಅಲ್ಲಲ್ಲಿ ತಡೆದು, ಅಲ್ಲಲ್ಲಿ ಬಿಟ್ಟು ಚಿತ್ರ ತೋರಿಸುತ್ತದೆ. ಹಿಂಬೆಳಕು ಕೆಟ್ಟರೆ ಚಿತ್ರ ಇದ್ದೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟರೆ ಮಸುಕಾಗಿ ಕಾಣಿಸಬಹುದು. ಆದ್ದರಿಂದ ‘ಬೆಳಗು’, ‘ಮೂಡು’ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ‘ಚಿತ್ರ ಮೂಡಿದೆ, ಪರದೆ ಬೆಳಗಿಲ್ಲ’ ಅಂದರೆ ಹಿಂಬೆಳಕಿನ ತೊಂದರೆ. ‘ಪರದೆ ಬೆಳಗಿದೆ, ಚಿತ್ರ ಮೂಡಿಲ್ಲ’ ಅಂದರೆ ಬೇರೆಯದೇ ಕಥೆ. ‘ತೆರೆ’ಯನ್ನು ಬಿಟ್ಟು ‘ಪರದೆ’ ಹಿಡಿದದ್ದಕ್ಕೂ ಕಾರಣವಿದೆ. ‘ತೆರೆ ತೆರೆಯುತ್ತಿಲ್ಲ’ ಅಂತ ಬರೆಯಬೇಕಾದ ಕಡೆ ಓದುವವರು ಎಡವುತ್ತಾರೆ.

ನಾನು ನಿಜವಾಗಿ ನಿಂತಿರುವುದು ‘ಪೋಸ್ಟ್’ (ಪವರ್ ಆನ್ ಸೆಲ್ಫ್ ಟೆಸ್ಟ್) ಹತ್ತಿರ. ಶುರುವಾದ ತಕ್ಷಣ ಕಂಪ್ಯೂಟರ್ ತನ್ನ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲ ನೆಟ್ಟಗಿವೆಯೇ ಅಂತ ತಾನೇ ನೋಡಿಕೊಳ್ಳುತ್ತದೆ. ಅಲ್ಲಿ ಎಡವಿದರೆ ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿಯೇ ಉಳಿಯಬಹುದು. ಕಂಪ್ಯೂಟರ್ ಒಳಗೆ ಪುಟ್ಟ ಸ್ಪೀಕರ್ ಇದ್ದರೆ ಬೀಪ್ ಕೇಳಿಸುತ್ತದೆ. ಅವಾರ್ಡ್ ಕಂಪನಿಯ ಹಳೆಯ ಬಯಾಸ್‌ಗಳಲ್ಲಿ (ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶ) 1 ಉದ್ದ, 2 ಗಿಡ್ಡ ಬೀಪ್ ಅಂದರೆ ಗ್ರಾಫಿಕ್ಸ್ ಕಡೆಯ ತೊಂದರೆ. ಈಗಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಅದಕ್ಕೆ ಸಣ್ಣ ದೀಪಗಳಿವೆ. ಎಷ್ಟೋ ಸಲ ಪವರ್ ತೆಗೆದು, ರ‍್ಯಾಮ್ ಬಿಚ್ಚಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಡಿಡಿಆರ್5 ಅನ್ನುವ ಈಚಿನ ಬಗೆಯ ರ‍್ಯಾಮ್ ಹೊಸದಾಗಿ ಹಾಕಿದಾಗ ಮೊದಲ ಸಲ ಕೆಲವು ನಿಮಿಷ ಏನೂ ಕಾಣದಿರುವುದೂ ಉಂಟು. ಅದು ಕೆಟ್ಟದ್ದಲ್ಲ, ಕಾಯಬೇಕು ಅಷ್ಟೆ.

‘ಪೋಸ್ಟ್ ಆಗ್ತಿಲ್ಲ’ ಅಂತ ಬರೆದರೆ ಫೋಟೊ ಹಾಕಲು ಆಗುತ್ತಿಲ್ಲ ಅಂತ ಓದಿಕೊಳ್ಳುತ್ತಾರೆ. ‘ಸ್ವಯಂಪರೀಕ್ಷೆ’ ಪಠ್ಯಪುಸ್ತಕದ ಮಾತಾಯಿತು. ‘ಮೊದಲ ತಪಾಸಣೆ’ ಅಂತ ಇಟ್ಟಿದ್ದೇನೆ, ಆದರೆ ತಾನೇ ನೋಡಿಕೊಳ್ಳುವುದು ಅನ್ನುವ ಭಾವ ಅದರಲ್ಲಿ ಬರುವುದಿಲ್ಲ. ರಿಪೇರಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ನಿಮ್ಮ ನಡುವೆ ಇದಕ್ಕೆ ಯಾವ ಮಾತು ಓಡಾಡುತ್ತದೆ? ‘ತನ್ತಪಾಸಣೆ’ ಅಂದರೆ ತೀರಾ ಕಟ್ಟಿದ ಪದ ಅನ್ನಿಸುತ್ತದೆಯೇ?