ಬೆಟ್ಟದ ದಾರಿಗೂ ಪುಡಿ ಹಿಮಕ್ಕೂ ಒಂದೇ ಜೊತೆ ಸ್ನೋಶೂ ಸಾಕಾ?

ಎರಡು ಚಳಿಗಾಲ ಬಾಡಿಗೆ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲದ ಚೌಕಟ್ಟು) ಹಾಕಿಕೊಂಡು ನಡೆದಿದ್ದೇನೆ. ಈ ಸಲ ಸ್ವಂತದ್ದು ತೆಗೆದುಕೊಳ್ಳೋಣ ಅಂತ ಇದ್ದೇನೆ. ನನ್ನ ತೂಕ 78 ಕಿಲೋ, ಬೆನ್ನಿಗೆ ಹಾಕುವ ಚೀಲ 12 ಕಿಲೋ. ಜಾಸ್ತಿ ನಡೆಯುವುದು ಬೆಟ್ಟದ ಕಾಲುದಾರಿಯಲ್ಲಿ. ಆದರೆ ಹೊಸ ಹಿಮ ಬಿದ್ದ ಮಾರನೇ ದಿನ, ಯಾರೂ ತುಳಿಯದ ಕಡೆ ಹೋಗುವ ಆಸೆಯೂ ಇದೆ. 25 ಇಂಚಿನದು ಸಾಕಾ, 30 ಇಂಚಿನದು ಬೇಕಾ? ಬೂಟನ್ನು ಸ್ನೋಶೂಗೆ ಹಿಡಿದಿಡುವ ಬೈಂಡಿಂಗ್‌ನಲ್ಲಂತೂ ರಬ್ಬರ್ ಪಟ್ಟಿ, ಹಲ್ಲಿನ ಪಟ್ಟಿ ಎಳೆದು ಬಿಗಿಯುವ ರ‍್ಯಾಚೆಟ್, ತಿರುಗಿಸುವ ಡಯಲ್ ಅಂತ ಏನೇನೋ ಇವೆ. ಬಳಸಿದವರು ಹೇಳಿ.

* * *

ಮೊದಲು ತೂಕದ ಲೆಕ್ಕ. 78ಕ್ಕೆ 12 ಕೂಡಿಸಿ 90 ಅಂತ ನಿಲ್ಲಿಸಬೇಡಿ. ಚಳಿಗಾಲದ ಬೂಟು, ಮೈಮೇಲಿನ ಬಟ್ಟೆ ಎಲ್ಲ ಸೇರಿದರೆ ಇನ್ನೂ ನಾಲ್ಕೈದು ಕಿಲೋ ಆಗುತ್ತದೆ. ನಿಮ್ಮದು 95 ಕಿಲೋ ಅಂತಲೇ ಇಟ್ಟುಕೊಳ್ಳಿ. ಸ್ನೋಶೂ ಹೊರುವುದು ಇಷ್ಟನ್ನೂ.

ಇನ್ನು ಉದ್ದ. ನಾನು ಮಾಡಿದ ತಪ್ಪು ಹೇಳುತ್ತೇನೆ. ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಂಡು ಮೊದಲಿಗೇ 30 ಇಂಚಿನದು ತಂದೆ. ಬಯಲಿನಲ್ಲಿ ಸೊಗಸಾಗಿತ್ತು. ಕಾಡಿನ ಕಾಲುದಾರಿಗೆ ಇಳಿದ ಮೇಲೆ ಗೊತ್ತಾಯಿತು. ಕಾಲು ಅಗಲಿಸಿಕೊಂಡೇ ನಡೆಯಬೇಕು, ಇಲ್ಲದಿದ್ದರೆ ಒಂದು ಸ್ನೋಶೂ ಇನ್ನೊಂದರ ಅಂಚನ್ನು ತುಳಿಯುತ್ತದೆ. ತಿರುವು ಬಂದಾಗಲೆಲ್ಲ ಬಾಲ, ಅಂದರೆ ಸ್ನೋಶೂವಿನ ಹಿಂತುದಿ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಸಂಜೆಗೆ ತೊಡೆಸಂದು ಹಿಡಿದುಕೊಂಡು ಕೂರುವ ಹಾಗಾಯಿತು. ನೀವು ನಡೆಯುವುದು ಹತ್ತರಲ್ಲಿ ಎಂಟು ದಿನ ದಾರಿಯಲ್ಲೇ ಅಂದಮೇಲೆ, ಉಳಿದ ಎರಡು ದಿನಕ್ಕಾಗಿ ಆ ಎಂಟು ದಿನ ಕಷ್ಟಪಡುವುದು ಯಾಕೆ?

ಅದಕ್ಕೆ ನಡುದಾರಿಯೂ ಇದೆ. ಕೆಲವು ಮಾದರಿಗಳಿಗೆ ಹಿಂದೆ ಸಿಕ್ಕಿಸುವ ಬಾಲ ಬೇರೆಯಾಗಿ ಸಿಗುತ್ತದೆ. ಎಂಎಸ್‌ಆರ್ ಲೈಟ್ನಿಂಗ್ ಅಸೆಂಟ್ 22, 25, 30 ಇಂಚಿನಲ್ಲಿ ಬರುತ್ತದೆ, ಅದಕ್ಕೆ 5 ಇಂಚಿನ ಬಾಲ ಜೋಡಿಸಬಹುದು. ಅದೇ ಕಂಪನಿಯ ಇವೋ ಅನ್ನುವ ಪ್ಲಾಸ್ಟಿಕ್ಕಿನದು 22 ಇಂಚು, ಅದರ ಬಾಲ 6 ಇಂಚು. ದಾರಿಯಲ್ಲಿ ಹೋಗುವಾಗ ಬಾಲ ಚೀಲದಲ್ಲಿರಲಿ. ಪುಡಿ ಹಿಮ ಸಿಕ್ಕಾಗ ಸಿಕ್ಕಿಸಿಕೊಳ್ಳಿ. ನನ್ನ ಮತ ಬಾಲ ಸೇರಿಸಬಹುದಾದ 25 ಇಂಚಿಗೆ.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಪುಡಿ ಹಿಮದಲ್ಲಿ ಯಾವ ಸ್ನೋಶೂ ಹಾಕಿದರೂ ಸ್ವಲ್ಪವಾದರೂ ಹೂತೇ ಹೋಗುತ್ತೀರಿ. ಬೂಟಿನಲ್ಲಿ ಸೊಂಟದವರೆಗೆ ಹೋಗುವ ಕಡೆ ಇದರಲ್ಲಿ ಮೊಣಕಾಲಿನ ಕೆಳಗೇ ನಿಲ್ಲಬಹುದು, ಅಷ್ಟೇ. ಪೊಟ್ಟಣದ ಮೇಲೆ ಬರೆದ ತೂಕದ ಮಿತಿಯನ್ನೂ ಅಲ್ಲಿ ಪೂರ್ತಿ ನಂಬಬೇಡಿ. ಒಣಗಿದ ಹಗುರ ಹಿಮ ಅದೇ ಸ್ನೋಶೂವನ್ನು ಅಷ್ಟು ಎತ್ತಿ ಹಿಡಿಯುವುದಿಲ್ಲ. ಮುಂದೆ ಹೋಗುವವರಿಗೆ ದಾರಿ ತುಳಿಯುವುದೇ ದೊಡ್ಡ ಕೆಲಸ. ನಾವು ಹತ್ತು ನಿಮಿಷಕ್ಕೊಮ್ಮೆ ಮುಂದಿನವರನ್ನು ಹಿಂದಕ್ಕೆ ಕಳಿಸುತ್ತೇವೆ.

* * *

ಉದ್ದದ ಬಗ್ಗೆ ಒಪ್ಪಿದೆ. ಆದರೆ ಬೆಟ್ಟಕ್ಕೆ ಅಂದರೆ ನಾನು ಮೊದಲು ತಿರುಗಿಸಿ ನೋಡುವುದು ಅಡಿಭಾಗವನ್ನು. ಅಲ್ಯೂಮಿನಿಯಂ ಕೊಳವೆಯ ಚೌಕಟ್ಟಿನದರಲ್ಲಿ ಹಲ್ಲುಗಳು ಹೆಚ್ಚಾಗಿ ಪಾದದ ಕೆಳಗೆ ಮಾತ್ರ ಇರುತ್ತವೆ, ಸುತ್ತಲಿನ ಅಂಚು ನುಣ್ಣಗೆ. ನೇರ ಏರಿಗೆ ಅಡ್ಡಿಯಿಲ್ಲ. ಇಳಿಜಾರನ್ನು ಅಡ್ಡಡ್ಡ ದಾಟುವಾಗ ಆ ನುಣ್ಣನೆಯ ಕೊಳವೆ ಗಟ್ಟಿ ಹಿಮದ ಮೇಲೆ ಜಾರುತ್ತದೆ. ಚೌಕಟ್ಟೇ ಪಟ್ಟಿಯಂತೆ ನಿಂತು ಅದರಲ್ಲೇ ಹಲ್ಲು ಕೊರೆದಿರುವ ಮಾದರಿಗಳು ಇಲ್ಲಿ ಕಚ್ಚಿ ನಿಲ್ಲುತ್ತವೆ. ನಾನು ಒಮ್ಮೆ ಕೊಳವೆಯದರಲ್ಲಿ ಹೀಗೆ ಜಾರಿ ಹದಿನೈದು ಅಡಿ ಕೆಳಗೆ ಪೊದೆಯಲ್ಲಿ ಕೂತಿದ್ದೆ. ನಗು ಬಂತು, ಆದರೆ ಕೆಳಗೆ ಪೊದೆ ಇದ್ದದ್ದಕ್ಕೆ ನಗು.

ಇನ್ನೊಂದು, ಬೈಂಡಿಂಗ್ ಹೇಗೆ ತಿರುಗುತ್ತದೆ ಅನ್ನುವುದು. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ಒಂದು ಬಗೆಯದರಲ್ಲಿ ಪಾದದ ಮುಂಭಾಗ ಕೀಲಿನ ಮೇಲೆ ಸಲೀಸಾಗಿ ತಿರುಗುತ್ತದೆ. ಕಾಲೆತ್ತಿದಾಗ ಬಾಲ ಕೆಳಗೆ ಇಳಿಬಿದ್ದು ಮೇಲಿನ ಹಿಮ ಉದುರಿಹೋಗುತ್ತದೆ. ಕಡಿದಾದ ಏರಿನಲ್ಲಿ ಬೂಟಿನ ತುದಿಯನ್ನು ಹಿಮಕ್ಕೆ ಒದ್ದು ಮೆಟ್ಟಿಲು ಮಾಡಿಕೊಳ್ಳಬಹುದು. ತೊಂದರೆ ಅಂದರೆ ಹಿಂದಕ್ಕೆ ಹೆಜ್ಜೆ ಇಟ್ಟರೆ ಬಾಲ ನೆಲಕ್ಕೆ ಚುಚ್ಚಿ ಬೀಳಿಸುತ್ತದೆ. ಇನ್ನೊಂದು ಬಗೆಯಲ್ಲಿ ದಪ್ಪ ಪಟ್ಟಿಗೆ ಬಿಗಿದಿರುತ್ತಾರೆ. ಬಾಲವೂ ಕಾಲಿನ ಜೊತೆಗೇ ಮೇಲೇಳುತ್ತದೆ. ಬಿದ್ದ ಮರ ದಾಟಲು, ಹಿಂದೆ ಸರಿಯಲು, ಓಡಲು ಇದು ಹಿತ. ಆದರೆ ಹೆಜ್ಜೆ ಹೆಜ್ಜೆಗೂ ಹಿಮವನ್ನು ಎತ್ತಿ ನಿಮ್ಮ ಬೆನ್ನಿಗೇ ಎರಚುತ್ತದೆ. ಬೆಟ್ಟ ಮತ್ತು ಪುಡಿ ಹಿಮ ಎರಡಕ್ಕೂ ನಾನು ಕೀಲಿನದನ್ನೇ ಆರಿಸುತ್ತೇನೆ.

* * *

ಬೈಂಡಿಂಗ್ ಬಗ್ಗೆ ನನ್ನದು ಸ್ವಲ್ಪ ಉದ್ದದ ಕಥೆ, ಕ್ಷಮಿಸಿ.

ನನ್ನ ಮೊದಲ ಜೊತೆಯಲ್ಲಿ ಹಿಮ್ಮಡಿಗೆ ಪ್ಲಾಸ್ಟಿಕ್ ರ‍್ಯಾಚೆಟ್ ಇತ್ತು. ಮನೆಯಲ್ಲಿ ಟಕ್ ಟಕ್ ಅಂತ ಎರಡು ಸಲ ಎಳೆದರೆ ಬಿಗಿಯಾಗುತ್ತಿತ್ತು, ಬಹಳ ಖುಷಿ. ಮೂರನೇ ನಡಿಗೆಯಲ್ಲಿ, ಮೈನಸ್ 15 ಡಿಗ್ರಿ ಚಳಿಯಲ್ಲಿ, ಹಲ್ಲುಗಳ ನಡುವೆ ಮಂಜುಗಡ್ಡೆ ಕಟ್ಟಿತ್ತು. ನಾನು ಜೋರಾಗಿ ಎಳೆದೆ, ಹಿಡಿಕೆ ಮುರಿದು ಕೈಗೆ ಬಂತು. ಕಾರು ನಿಲ್ಲಿಸಿದ ಜಾಗಕ್ಕೆ ಇನ್ನೂ ಆರು ಕಿಲೋಮೀಟರ್. ಚೀಲದ ಹಗ್ಗದಿಂದ ಬೂಟನ್ನು ಕಟ್ಟಿದೆ. ನೂರು ಹೆಜ್ಜೆಗೊಮ್ಮೆ ಸಡಿಲವಾಗುತ್ತಿತ್ತು, ಮತ್ತೆ ಕೈಗವಸು ತೆಗೆದು ಕಟ್ಟು. ಬೆರಳು ಮರಗಟ್ಟಿ ಎರಡು ದಿನ ಜುಮ್ಮೆನ್ನುತ್ತಿದ್ದವು.

ಆಮೇಲಿನಿಂದ ನನ್ನ ಪರೀಕ್ಷೆ ಒಂದೇ. ದಪ್ಪ ಕೈಗವಸು ಹಾಕಿಕೊಂಡು, ನಿಮ್ಮದೇ ಬೂಟಿನ ಮೇಲೆ, ಹಾಕಿ ತೆಗೆಯಲು ಆಗುತ್ತದಾ? ಆಗದಿದ್ದರೆ ವಾಪಸ್ ಇಡಿ. ಎಷ್ಟೇ ಚೆಂದ ಇರಲಿ.

ಈಗ ನನ್ನದು ತೂತುಗಳಿರುವ ರಬ್ಬರ್ ಪಟ್ಟಿ. ಚಳಿಗೂ ಬಾಗುತ್ತದೆ, ಮಂಜು ಕಟ್ಟಿದರೆ ಹಿಂಡಿ ಉದುರಿಸಬಹುದು, ಒಂದು ಕಿತ್ತರೆ ಅದೊಂದನ್ನೇ ಬದಲಿಸಬಹುದು. ದೂರು ಏನೂ ಇಲ್ಲ ಅಂತಲ್ಲ. ಪಟ್ಟಿಯ ತುದಿ ಕ್ಲಿಪ್ಪಿನಿಂದ ಬಿಡಿಸಿಕೊಂಡು ಪಟಪಟ ಹೊಡೆದುಕೊಳ್ಳುತ್ತದೆ. ತೀರಾ ಬಿಗಿದರೆ ಪಾದದ ಮೇಲೆ ಒತ್ತಿ ಬೆರಳು ತಣ್ಣಗಾಗುತ್ತವೆ. ಬಲೆಯಂತೆ ಪಾದವನ್ನು ಪೂರ್ತಿ ಹಿಡಿಯುವ ಬೈಂಡಿಂಗ್‌ನಲ್ಲಿ ಈ ಒತ್ತಡ ಕಡಿಮೆ. ಡಯಲ್‌ನದು ಸ್ನೇಹಿತರ ಹತ್ತಿರ ಇದೆ. ಸಮವಾಗಿ, ಬೇಗ ಬಿಗಿಯುತ್ತದೆ, ಒಪ್ಪುತ್ತೇನೆ. ಆದರೆ ಸಣ್ಣ ತಂತಿ ಕಿತ್ತರೆ ಬೆಟ್ಟದ ಮೇಲೆ ಏನು ಮಾಡುತ್ತೀರಿ? ದಿನದೊಳಗೆ ಮರಳುವ ದಾರಿಗೆ ಅದು ಸರಿ, ದೂರದ ನಡಿಗೆಗೆ ನಾನು ಒಯ್ಯುವುದಿಲ್ಲ.

ಯಾವುದೇ ಇರಲಿ, ಹೆಚ್ಚಿನ ಒಂದು ಪಟ್ಟಿ, ನಾಲ್ಕು ಜಿಪ್ ಟೈ ಚೀಲದಲ್ಲಿರಲಿ. ಬಕಲ್ ಹೊರಗಡೆಗೆ ಬರುವ ಹಾಗೆ ಎಡಬಲ ನೋಡಿ ಹಾಕಿ.

* * *

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸುವ ಕಂಬಿ ಇರುತ್ತದಲ್ಲ, ಅದು ನಿಜವಾಗಿ ಬೇಕಾ, ಸುಮ್ನೆ ಶೋಕಿಯಾ?

* * *

ಬೇಕು. ಉದ್ದನೆಯ ಏರಿನಲ್ಲಿ ಹಿಮ್ಮಡಿ ಆ ಕಂಬಿಯ ಮೇಲೆ ಕೂರುತ್ತದೆ, ಮೀನಖಂಡ ಎಳೆಯುವುದಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಇರುತ್ತದೆ. ಊರುಗೋಲಿನ ತುದಿಯಿಂದಲೇ ಎತ್ತಿ ಇಳಿಸಬಹುದು. ಇಳಿಯುವ ಮುಂಚೆ ಮಡಚುವುದು ಮರೆಯಬೇಡಿ. ಮರೆತರೆ ಮೊದಲನೇ ಹೆಜ್ಜೆಯೇ ನೆನಪಿಸುತ್ತದೆ.

ಊರುಗೋಲು ಅಂದಮೇಲೆ, ತುದಿಗೆ ಅಗಲದ ಹಿಮದ ಬುಟ್ಟಿ (ಕೋಲು ಹಿಮದೊಳಗೆ ಇಳಿಯದಂತೆ ತಡೆಯುವ ಬಿಲ್ಲೆ) ಹಾಕಿಸಿ. ಬೇಸಿಗೆಯ ಚಿಕ್ಕ ಬುಟ್ಟಿ ಪುಡಿ ಹಿಮದಲ್ಲಿ ಹಿಡಿಕೆಯವರೆಗೂ ಇಳಿದುಹೋಗುತ್ತದೆ. ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತಿಕೊಳ್ಳುವ ಗೇಟರ್ ಬೇಕೇ ಬೇಕು.

* * *

ಸಲಕರಣೆ ಮಾತು ಸಾಕಷ್ಟಾಯಿತು. ಯಾರೂ ಹೇಳದ ಒಂದು ವಿಷಯ. ಹೊಸ ಹಿಮ ಬಿದ್ದ ಮಾರನೇ ದಿನ, ಯಾರೂ ತುಳಿಯದ ಕಡೆ ಅಂದಿರಲ್ಲ, ಹಿಮಕುಸಿತದ ಭಯ ಜಾಸ್ತಿ ಇರುವುದೂ ಆಗಲೇ. ಹೆಚ್ಚಿನ ಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನೀವು ನಿಂತ ಜಾಗ ಸಪಾಟಾಗಿದ್ದರೂ ಮೇಲೆ ಅಂಥ ಇಳಿಜಾರು ಇದ್ದರೆ ಅಪಾಯವೇ. ಹೊರಡುವ ದಿನದ ಹಿಮಕುಸಿತದ ಮುನ್ಸೂಚನೆ ಓದಿ. ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಪತ್ತೆ ಹಚ್ಚುವ ರೇಡಿಯೊ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಶೋಧನೆಯ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸಲು ಅಭ್ಯಾಸವೂ ಬೇಕು. ದೊಡ್ಡ ಪೈನ್ ಮರಗಳ ಬುಡಕ್ಕೂ ತೀರಾ ಹತ್ತಿರ ಹೋಗಬೇಡಿ. ಕೊಂಬೆಯ ಕೆಳಗೆ ಹಿಮ ಪೊಳ್ಳಾಗಿರುತ್ತದೆ, ಬಿದ್ದರೆ ಸ್ನೋಶೂ ಸಮೇತ ಮೇಲೆ ಬರುವುದು ಕಷ್ಟ.

* * *

ಕೇಳಿದವನು ಮತ್ತೆ. ಬಾಲ ಸಿಕ್ಕಿಸಬಹುದಾದ 25 ಇಂಚು, ಕೀಲಿನ ಬೈಂಡಿಂಗ್, ರಬ್ಬರ್ ಪಟ್ಟಿ. ಶನಿವಾರ ಬಾಡಿಗೆಗೆ ಅದನ್ನೇ ತೆಗೆದುಕೊಂಡು ತುಳಿದ ದಾರಿಯಲ್ಲಿ ಒಂದು ಸುತ್ತು ಹೋಗುತ್ತೇನೆ. ಬೂಟು, ಕೈಗವಸು ನನ್ನದೇ. ಬಂದು ಹೇಳುತ್ತೇನೆ.